ಓದದ ‘ಕೆ’ ಬರೆಯೋದು ಹೇಗೆ?

ಇಂಗ್ಲಿಷ್ ಡಿಕ್ಟೇಷನ್‌ನಲ್ಲಿ ಮಕ್ಕಳು ಸ್ಪೆಲಿಂಗ್ ತಪ್ಪು ಬರೆಯುತ್ತಾರೆ ಅಂತ ಅಕ್ಕ ಒಬ್ಬರು ಹೇಳಿದ್ದರು, ಅದಕ್ಕೇ ಇದು. ಆರನೇ ಕ್ಲಾಸಿನ ನನ್ನ ಮಗಳೂ ‘ನೈಫ್’ ಅಂದರೆ ಮೊದಲು ಬರುವ, ಬರೆದರೂ ಓದದ ಕೆ ಬಿಟ್ಟು ಸೀದಾ ಎನ್‌ನಿಂದ ಶುರು ಮಾಡುತ್ತಿದ್ದಳು.

ಕೆ, ಎನ್ ಜೋಡಿಯಿಂದ ಶುರುವಾಗುವ ಪದಗಳನ್ನು ಪುಸ್ತಕ ಬಿಟ್ಟು ಕಲಿಸಿದೆ. ಅಕ್ಕಿರೊಟ್ಟಿಗೆ ಹಿಟ್ಟು ನಾದುವುದು ‘ನೀಡ್’. ನಾದುವಾಗ ಮುಷ್ಟಿಯಲ್ಲಿ ಎದ್ದು ಕಾಣುವ ಬೆರಳ ಗೆಣ್ಣು ‘ನಕಲ್’. (ಪರೀಕ್ಷೆಯ ನಕಲಲ್ಲ!) ತೋಟದಲ್ಲಿ ಮೆಣಸಿನ ಬಳ್ಳಿಯನ್ನು ಸಿಲ್ವರ್ ಮರಕ್ಕೆ ಕಟ್ಟುವಾಗ ಹಾಕುವ ಗಂಟು ‘ನಾಟ್’. ಮಂಡಿ ‘ನೀ’, ಮಂಡಿಯೂರುವುದು ‘ನೀಲ್’.

ಎಡವುವುದು ಒಂದೇ ಥರ ಕೇಳಿಸುವ ಜೋಡಿ ಪದಗಳಲ್ಲೇ ಜಾಸ್ತಿ. ‘ಬೇಕು’ ಅನ್ನುವ ನೀಡ್‌ಗೆ ಕೆ ಇಲ್ಲ. ‘ಇಲ್ಲ’ ಅನ್ನುವ ನೋಗೆ ಇಲ್ಲ, ‘ತಿಳಿ’ ಅನ್ನುವ ನೋಗೆ ಇದೆ. ರಾತ್ರಿಯ ನೈಟ್‌ಗೆ ಇಲ್ಲ, ಕುದುರೆ ಏರಿದ ಯೋಧ ನೈಟ್‌ಗೆ ಇದೆ. ಇಂಥವನ್ನು ಬಿಡಿಯಾಗಿ ಹೇಳಬೇಡಿ, ಒಂದು ವಾಕ್ಯದಲ್ಲಿಟ್ಟು ಬರೆಸಿ.

ಓದದ ಅಕ್ಷರ ಯಾಕಿದೆ ಅಂತ ಮಗಳು ಕೇಳಿದಳು. ಸುಮ್ನೆ ಇಟ್ಟದ್ದಲ್ಲ, ಹಳೆಯ ಇಂಗ್ಲಿಷಿನಲ್ಲಿ ಅದನ್ನು ಉಚ್ಚರಿಸುತ್ತಿದ್ದರು. ಜರ್ಮನ್ನರು ಮಂಡಿಗೆ ಈಗಲೂ ‘ಕ್ನೀ’ ಅನ್ನುತ್ತಾರೆ. ಈಗ ಇವಳೂ ಬರೆಯುವಾಗ ಬಾಯೊಳಗೇ ‘ಕ್ನೈಫ್’, ‘ಕ್ನಾಟ್’ ಅಂದುಕೊಳ್ಳುತ್ತಾಳೆ. ಕೆ ಬಿಟ್ಟುಹೋಗುವುದಿಲ್ಲ.