ದಾವಣಗೆರೆಯಲ್ಲಿ ಬಾಡಿಗೆ ಮನೆ: ಮೊದಲು ಬೀದಿ ನೋಡಿ, ಆಮೇಲೆ ಮನೆ

ವರ್ಗವಾಗಿಯೋ, ಮಕ್ಕಳ ಓದಿಗೆಂದೋ, ಅಂಗಡಿ ಇಡೋಣವೆಂದೋ ದಾವಣಗೆರೆಗೆ ಬಂದವರು ನಮ್ಮ ಸಂಘದಲ್ಲಿ ಮೊದಲು ಕೇಳುವುದು, "ಕಮ್ಮಿ ಬಾಡಿಗೆಗೆ ಒಳ್ಳೆ ಏರಿಯಾ ಯಾವುದು?" ನಾವು ತಿರುಗಿ ಕೇಳುವುದು, "ಮಕ್ಕಳ ಶಾಲೆ ಯಾವುದು?" ಅದು ಗೊತ್ತಾಗುವ ತನಕ ಮನೆ ಹುಡುಕಲು ಹೊರಡಬೇಡಿ. ಶಾಲೆ, ತರಕಾರಿ, ಔಷಧಿ ಅಂಗಡಿ, ಬಸ್ ಸ್ಟಾಪು ಇಷ್ಟೂ ಕಾಲು ಗಂಟೆ ನಡಿಗೆಯೊಳಗೆ ಸಿಗುವ ಬೀದಿಯಲ್ಲಿ ಚಿಕ್ಕ ಮನೆ ಸಿಕ್ಕರೂ ಸರಿ, ಅದನ್ನೇ ಹಿಡಿಯಿರಿ. ದೂರದ ಲೇಔಟಿನ ದೊಡ್ಡ ಹಾಲ್ ನೋಡಿ ಮರುಳಾಗಬೇಡಿ.

ಯಾಕೆ ಅಂತ ಒಂದು ಲೆಕ್ಕ ಹಾಕೋಣ. ಊರಾಚೆ ಏಳು ಸಾವಿರಕ್ಕೆ ಮನೆ ಸಿಕ್ಕಿತು, ಊರೊಳಗೆ ಒಂಬತ್ತು ಸಾವಿರ ಹೇಳಿದರು ಅಂದುಕೊಳ್ಳಿ. ಎರಡು ಸಾವಿರ ಉಳಿಯಿತು ಅನ್ನಿಸುತ್ತದೆ, ಅಲ್ವಾ? ಇಬ್ಬರು ಮಕ್ಕಳಿಗೆ ಶಾಲೆ ವ್ಯಾನಿಗೆ ತಲಾ ಸಾವಿರ ಅಂತಿಟ್ಟರೂ ಆ ಎರಡು ಸಾವಿರ ಅಲ್ಲಿಗೇ ಮುಗಿಯಿತು. ಬೈಕು ದಿನಕ್ಕೆ 12 ಕಿ.ಮೀ. ಜಾಸ್ತಿ ಓಡಿದರೆ ತಿಂಗಳಿಗೆ ಸುಮಾರು ಏಳು ಲೀಟರ್ ಪೆಟ್ರೋಲ್. ಕೊತ್ತಂಬರಿ ಸೊಪ್ಪಿಗೂ ಗಾಡಿ ತೆಗೆಯಬೇಕು. ಮನೆಯಲ್ಲಿ ಗಾಡಿ ಓಡಿಸದ ಹಿರಿಯರಿದ್ದರೆ ಅವರು ಸಂಜೆಯ ಹೊತ್ತಿಗೆ ಬಾಗಿಲಲ್ಲೇ ಕೂರಬೇಕು. ಬಾಡಿಗೆಯ ಜೊತೆ ಓಡಾಟದ ಖರ್ಚನ್ನೂ ಕೂಡಿಸಿ, ಆಮೇಲೆ ಯಾವ ಮನೆ ಅಗ್ಗ ಅಂತ ನೋಡಿ.

ಇನ್ನು ಊರಿನ ವಿಚಾರ. 1997ರಲ್ಲಿ ಜಿಲ್ಲೆಯಾದ ಮೇಲೆ ದಾವಣಗೆರೆ ನಾಲ್ಕೂ ದಿಕ್ಕಿಗೆ ಬೆಳೆದಿದೆ. ಆದರೂ ಊರನ್ನು ಎರಡು ಮಾಡಿರುವುದು ಇವತ್ತಿಗೂ ರೈಲು ಹಳಿಯೇ. ಒಂದು ಕಡೆ ಹಳೇ ದಾವಣಗೆರೆ, ಅಂದರೆ ಮಂಡಿಪೇಟೆ, ಚೌಕಿಪೇಟೆ, ಚಾಮರಾಜಪೇಟೆ, ದುಗ್ಗಮ್ಮನ ಗುಡಿ. ಇನ್ನೊಂದು ಕಡೆ ಪಿ.ಜೆ. ಬಡಾವಣೆ, ಎಂ.ಸಿ.ಸಿ. ಎ ಮತ್ತು ಬಿ ಬ್ಲಾಕ್, ವಿದ್ಯಾನಗರ. ಅಶೋಕ ರಸ್ತೆಯ ರೈಲ್ವೆ ಗೇಟಿನ ಹೆಸರು ಹೇಳಿದರೆ ಈ ಊರಿನ ಹಳಬರು ಅಲ್ಲಿ ಕಾದು ನಿಂತದ್ದನ್ನು ನೆನೆಸಿ ಇವತ್ತಿಗೂ ಹಣೆ ಚಚ್ಚಿಕೊಳ್ಳುತ್ತಾರೆ. ಶಾಲೆ ಹಳಿಯ ಆ ಕಡೆ, ಮನೆ ಈ ಕಡೆ ಆಗದಂತೆ ನೋಡಿಕೊಳ್ಳಿ. ಅಂಡರ್‌ಪಾಸ್ ಇದೆ ಅಂದರೆ ಮಳೆ ಬಂದಾಗ ಅದರಲ್ಲಿ ನೀರು ಎಷ್ಟು ನಿಲ್ಲುತ್ತದೆ ಅಂತ ಪಕ್ಕದ ಅಂಗಡಿಯವರನ್ನೇ ಕೇಳಿ.

ಪಿ.ಜೆ. ಬಡಾವಣೆ, ಎಂ.ಸಿ.ಸಿ., ವಿದ್ಯಾನಗರ ಓಡಾಡಲು ಚೆನ್ನಾಗಿವೆ. ಮರಗಳಿವೆ, ಆಸ್ಪತ್ರೆ, ಕಾಲೇಜು ಹತ್ತಿರ. ರಾಂ ಅಂಡ್ ಕೋ ಸರ್ಕಲ್ಲಿಗೆ ಸಂಜೆ ನಡೆದು ಹೋಗಿ ಮಂಡಕ್ಕಿ, ಮಿರ್ಚಿ ತಿಂದು ಬರಬಹುದು. ಬಾಡಿಗೆಯೂ ಹಾಗೇ ಇದೆ. ಡೆಂಟಲ್ ಕಾಲೇಜ್ ರಸ್ತೆಯ ಸುತ್ತ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಅಕ್ಕಪಕ್ಕ ಇನ್ನೊಂದು ತೊಂದರೆ: ಹುಡುಗರಿಗೆ ತಲೆಗಿಷ್ಟು ಅಂತ ಕೊಟ್ಟರೆ ಮಾಲೀಕರಿಗೆ ಲಾಭ, ಹಾಗಾಗಿ ಸಂಸಾರಸ್ಥರಿಗೆ ಚೌಕಾಸಿ ಮಾಡಲು ಜಾಗವಿಲ್ಲ.

ಕೈ ಬಿಗಿ ಇದ್ದವರು ಮೊದಲು ಕೆ.ಟಿ.ಜೆ. ನಗರ, ವಿನೋಬನಗರ, ನಿಟ್ಟುವಳ್ಳಿ ಕಡೆ ಸುತ್ತಿ ಬನ್ನಿ. ಮನೆ ಮನೆ ಅಂಟಿಕೊಂಡಿರುತ್ತವೆ, ಹೊರಗಿನಿಂದ ನೋಡಲು ಏನೂ ಇಲ್ಲ. ಆದರೆ ಕ್ರಾಸಿಗೊಂದು ಕಿರಾಣಿ ಅಂಗಡಿ, ತಿರುವಿಗೊಂದು ಹಿಟ್ಟಿನ ಗಿರಣಿ. ಸಣ್ಣ ಕ್ರಾಸುಗಳಲ್ಲಿ ಗಾಡಿಗಳ ವೇಗಕ್ಕೆ ಅವಕಾಶವೇ ಇಲ್ಲ. ಮಕ್ಕಳಿಗೆ ಅದೇ ಬೇಕಾಗಿರುವುದು. ಹಳೇ ಪೇಟೆಯಲ್ಲಿ ಇನ್ನೂ ಅಗ್ಗಕ್ಕೆ ಸಿಗಬಹುದು, ಎಲ್ಲವೂ ಕಾಲ ಬುಡದಲ್ಲೇ. ಗಾಳಿ ಬೆಳಕು ಕಮ್ಮಿ, ಕೆಲವು ವಠಾರಗಳಲ್ಲಿ ಕಕ್ಕಸು ಹೊರಗೆ, ಅದನ್ನು ನೋಡಿಕೊಂಡು ಹೂಂ ಅನ್ನಿ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಗಾಡಿ ಒಳಗೆ ಬರುವುದಿಲ್ಲ, ನೆಂಟರು ಮಾತ್ರ ಬರುತ್ತಾರೆ! ಮಂಡಕ್ಕಿ ಭಟ್ಟಿಗಳ ಹತ್ತಿರವೂ ಬಾಡಿಗೆ ಕಮ್ಮಿ. ಉಬ್ಬಸ ಇರುವ ಮಗು ಇದ್ದರೆ ಆ ಹೊಗೆ ಬೇಡ.

ಜಿಲ್ಲಾಧಿಕಾರಿ ಕಚೇರಿಯಲ್ಲೋ, ತೋಳಹುಣಸೆಯ ವಿಶ್ವವಿದ್ಯಾಲಯದಲ್ಲೋ ಕೆಲಸ ಇರುವವರು ಆಫೀಸಿನ ಹತ್ತಿರ ಮನೆ ಹುಡುಕುತ್ತಾರೆ. ಎರಡೂ ಊರ ಹೊರಗಿವೆ. ದುಡಿಯುವವರು ಒಬ್ಬರು ದೂರ ಹೋಗಿ ಬಂದರೆ ಮನೆಯ ಉಳಿದವರೆಲ್ಲ ನಡೆದಾಡಿಕೊಂಡು ಇರಬಹುದು. ಸರ್ಕಾರಿ ಸಿಟಿ ಬಸ್ ಬರುವ ರಸ್ತೆ ಹತ್ತಿರವಿದ್ದರೆ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಖರ್ಚೂ ಇಲ್ಲ. ಬಸ್ಸು ಎಷ್ಟು ಹೊತ್ತಿಗೊಂದು ಬರುತ್ತದೆ ಅಂತ ಸ್ಟಾಪಿನಲ್ಲಿ ನಿಂತೇ ನೋಡಿ.

ಮನೆ ಮೆಚ್ಚಿಕೆಯಾದರೆ ಅಡ್ವಾನ್ಸ್ ಕೊಡುವ ಮುಂಚೆ ಸಂಜೆ ಏಳು ಗಂಟೆಗೆ ಮಕ್ಕಳನ್ನು ಕರೆದುಕೊಂಡು ಆ ಬೀದಿಗೆ ಮತ್ತೆ ಹೋಗಿ. ಒಳ್ಳೆ ಬೀದಿ ಆ ಹೊತ್ತಿಗೆ ತಾನೇ ಹೇಳುತ್ತದೆ. ಕಟ್ಟೆ ಮೇಲೆ ಇಬ್ಬರು ಅಜ್ಜಿಯರು ಅವರೆಕಾಯಿ ಸುಲಿಯುತ್ತಿರುತ್ತಾರೆ. ಲೈಟು ಕಂಬದ ಕೆಳಗೆ ಹುಡುಗರ ಕ್ರಿಕೆಟ್. ಚೆಂಡು ಕಾಂಪೌಂಡಿಗೆ ಬಿದ್ದಾಗ ಬೈಗುಳ ಬರುತ್ತದೆ, ಚೆಂಡೂ ವಾಪಸ್ ಬರುತ್ತದೆ. ಹೆಣ್ಣುಮಗಳೊಬ್ಬಳು ಒಂಟಿಯಾಗಿ ಮೊಸರಿನ ಪ್ಯಾಕೆಟ್ ಹಿಡಿದು ಆರಾಮಾಗಿ ಹೋಗುತ್ತಿದ್ದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಡ. ಹಾಗೇ ಕೆಳಗೂ ನೋಡಿ. ಚರಂಡಿ ಮೇಲಿನ ಕಲ್ಲು ಚಪ್ಪಡಿ ಎಲ್ಲೆಲ್ಲಿ ಮುರಿದಿದೆ? ಎಷ್ಟು ಬೀದಿ ನಾಯಿಗಳಿವೆ? ಶಾಲೆಗೆ ಹೋಗುವ ದಾರಿಯಲ್ಲಿ ಪಿ.ಬಿ. ರಸ್ತೆಯಂಥ ದೊಡ್ಡ ರಸ್ತೆ ದಾಟಬೇಕಾ? ಬೆಳಗ್ಗೆ ಎಂಟೂವರೆಗೆ ಅದೇ ದಾರಿಯಲ್ಲಿ ಮಗುವಿನ ಹೆಜ್ಜೆಗೆ ಸರಿಯಾಗಿ ಒಮ್ಮೆ ನಡೆಯಿರಿ. "ಐದೇ ನಿಮಿಷ ಸಾರ್" ಅಂತ ಬ್ರೋಕರ್ ಹೇಳಿದ್ದು ಬೈಕಿನ ಐದು ನಿಮಿಷ.

ನೀರಿನ ವಿಷಯ ಸುಮ್ನೆ ಬಿಡಬೇಡಿ. ಊರಿಗೆ ತುಂಗಭದ್ರಾ ನದಿಯ ನೀರು ಬರುತ್ತದೆ. ಭದ್ರಾ ನಾಲೆಯಿಂದ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆ ತುಂಬಿಸಿಕೊಳ್ಳುತ್ತಾರೆ. ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ಅನ್ನುವುದು ಬಡಾವಣೆಯಿಂದ ಬಡಾವಣೆಗೆ ಬೇರೆ. ಮಾಲೀಕರನ್ನು ಕೇಳಿದರೆ "ನೀರಿಗೇನೂ ತೊಂದ್ರೆ ಇಲ್ರಿ" ಅಂತಾರೆ. ಪಕ್ಕದ ಮನೆಯ ಅಕ್ಕನನ್ನು ಕೇಳಿ, "ಏಪ್ರಿಲ್‌ನಲ್ಲಿ ಹೆಂಗಿತ್ತಕ್ಕ?" ಅಂತ. ಸಂಪು ಎಷ್ಟು ದೊಡ್ಡದು, ಎಷ್ಟು ಮನೆಗೆ ಒಂದು, ಮೋಟಾರ್ ಹಾಕುವವರು ಯಾರು, ಬೋರ್ ಇದೆಯಾ ಅಂತ ವಿಚಾರಿಸಿ. ತಗಡಿನ ಶೀಟ್ ಮನೆ ಎಷ್ಟೇ ಅಗ್ಗವಿದ್ದರೂ ಚಿಕ್ಕ ಮಕ್ಕಳಿರುವವರು ಈ ಊರಿನ ಬೇಸಿಗೆಯನ್ನು ನೆನೆಸಿಕೊಂಡು ತೀರ್ಮಾನ ಮಾಡಿ.

ಕರೆಂಟಿನ ಮೀಟರ್ ನಿಮ್ಮ ಮನೆಗೆ ಬೇರೆ ಇರಬೇಕು. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಮೀಟರಿಗೊಂದೇ. ಎರಡು ಮನೆಗೆ ಒಂದೇ ಮೀಟರಾಗಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹಿಂದಿನ ಬಾಡಿಗೆದಾರರ ಆಧಾರ್ ಇನ್ನೂ ಆ ಮೀಟರಿನ ಆರ್.ಆರ್. ನಂಬರಿಗೆ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ) ಜೋಡಣೆಯಾಗಿದ್ದರೆ ಮೊದಲು ಅದನ್ನು ತೆಗೆಸಿ, ಆಮೇಲೆ ನಿಮ್ಮದನ್ನು ಜೋಡಿಸಿ. ಇದಕ್ಕೆ ಬಾಡಿಗೆ ಕರಾರು ಕೈಯಲ್ಲಿರುವುದು ಒಳ್ಳೆಯದು.

ಮಾಲೀಕರ ಜೊತೆ ಮಾತಿಗೆ ಗಂಡ ಹೆಂಡತಿ ಇಬ್ಬರೂ ಹೋಗಿ. ಇಲ್ಲಿ ಮನೆ ಕೊಡುವುದು ಎಷ್ಟೋ ಸಲ ಮನೆಯ ಅಮ್ಮನೇ, ಯಜಮಾನರು ಕರಾರಿಗೆ ಸಹಿ ಹಾಕುತ್ತಾರೆ ಅಷ್ಟೇ. "ಎಷ್ಟ್ ಮಂದಿ ಇರ್ತೀರಿ? ಊರಿಂದ ಯಾರ್ಯಾರು ಬರ್ತಾರೆ?" ಅಂತ ಕೇಳಿದರೆ ಇದ್ದದ್ದನ್ನೇ ಹೇಳಿ, "ನಾವಿಬ್ರು, ಎರಡು ಮಕ್ಕಳು, ನಮ್ಮತ್ತೆ ಆಗಾಗ ಬರ್ತಿರ್ತಾರಮ್ಮ" ಅಂತ. ಯಾವ ಜನ, ಮಾಂಸ ತಿಂತೀರಾ ಅಂತ ಕೇಳುವವರೂ ಇದ್ದಾರೆ. ಕೇಳಬಾರದ ಪ್ರಶ್ನೆ ಅದು. ಹಾಗಂತ ಸುಳ್ಳು ಹೇಳಿ ಒಳಗೆ ಸೇರಿಕೊಂಡು, ಕಿಟಕಿ ಮುಚ್ಚಿ ಕೋಳಿ ಸಾರು ಮಾಡುವ ಪಾಡು ಯಾಕೆ ಬೇಕು? ಮುಂದಿನ ಬೀದಿಗೆ ನಡೆಯಿರಿ.

ಕರಾರು 11 ತಿಂಗಳಿಗೆ ಬರೆಯುತ್ತಾರೆ, ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ ಅನ್ನುವ ಕಾರಣಕ್ಕೆ. ಅಡ್ವಾನ್ಸ್ ಎಷ್ಟು, ಖಾಲಿ ಮಾಡುವಾಗ ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ, ಬಾಡಿಗೆ ವರ್ಷಕ್ಕೆ ಎಷ್ಟು ಏರುತ್ತದೆ, ಮೂರೂ ಅದರಲ್ಲಿರಲಿ. ದುಡ್ಡನ್ನು ಬ್ಯಾಂಕ್ ಮೂಲಕವೇ ಕೊಡಿ. ಲೀಸಿಗೆ, ಅಂದರೆ ಭೋಗ್ಯಕ್ಕೆ, ಹಾಕಿಕೊಳ್ಳುವ ಯೋಚನೆ ಇದ್ದರೆ ಇನ್ನೂ ಹುಷಾರಾಗಿರಿ. ಲಕ್ಷಗಟ್ಟಲೆ ದುಡ್ಡು ಒಂದೇ ಕಂತಿನಲ್ಲಿ ಹೋಗುತ್ತದೆ. ಮನೆಯ ಮೇಲೆ ಸಾಲ ಇದೆಯಾ ಅಂತ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ., ಅಂದರೆ ಋಣಭಾರ ಪತ್ರ, ತೆಗೆಸಿ ನೋಡಿ, ಭೋಗ್ಯದ ಪತ್ರ ನೋಂದಣಿ ಮಾಡಿಸಿ. ಮಾಲೀಕರು ಹಿಂದೆ ಮುಂದೆ ನೋಡಿದರೆ ಆ ಮನೆ ಬೇಡ.

ಕೊನೆಗೆ, ಹುಡುಕುವ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಹೆಚ್ಚು ಮನೆ ಖಾಲಿಯಾಗುತ್ತವೆ, ಹುಡುಕುವವರೂ ಜಾಸ್ತಿ. ಆಷಾಢದಲ್ಲಿ ಹಾಲು ಉಕ್ಕಿಸುವವರು ಕಮ್ಮಿ, ಖಾಲಿ ಬಿದ್ದ ಮನೆಯ ಮಾಲೀಕರು ಐನೂರೋ ಸಾವಿರವೋ ಬಿಟ್ಟಾರು. ಶಾಸ್ತ್ರ ನೋಡದವರಿಗೆ ಅದೇ ಒಳ್ಳೆ ಮುಹೂರ್ತ. ನೋಡುವವರು ಆಷಾಢದಲ್ಲಿ ಮಾತಾಡಿ ಅಡ್ವಾನ್ಸ್ ಕೊಟ್ಟಿಟ್ಟು, ಶ್ರಾವಣದ ಮೊದಲ ವಾರ ಸಾಮಾನು ಸಾಗಿಸಿ. ಬಾಡಿಗೆ ಶ್ರಾವಣದಿಂದಲೇ ಶುರು ಅಂತ ಕರಾರಿನಲ್ಲಿ ಬರೆಸಿಕೊಳ್ಳಿ.