ಒಂದೇ ಕಟ್ಟು ಚೀಟಿ, ಎರಡು ಷೇಕ್ಸ್‌ಪಿಯರ್ ಪುಸ್ತಕ: ನನ್ನ ಅನುಭವ

ಷೇಕ್ಸ್‌ಪಿಯರ್‌ನನ್ನು ಕುರಿತು ಏಳನೆಯ ತರಗತಿಯ ಮಕ್ಕಳಿಗೊಂದು ಪುಸ್ತಕವನ್ನೂ, ಎಂ.ಎ. ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಆಗುವ ಮತ್ತೊಂದು ಪುಸ್ತಕವನ್ನೂ ನಾನೊಬ್ಬನೇ ಒಂದೇ ಸಾಮಗ್ರಿಯಿಂದ ಸಿದ್ಧಪಡಿಸಲು ಹೊರಟಿದ್ದೇನೆಂದು ತಿಳಿದಾಗ, ಪ್ರಕಾಶನದಲ್ಲಿ ಮೂವತ್ತು ವರ್ಷ ಕಳೆದ ಮಿತ್ರರೊಬ್ಬರು, "ಎರಡು ದೋಣಿಯಲ್ಲಿ ಕಾಲಿಟ್ಟವರು ದಡ ಸೇರಿದ್ದನ್ನು ನಾನು ಕಂಡಿಲ್ಲ" ಎಂದಿದ್ದರು. ಅವರ ಮಾತು ಎರಡು ಸಲ ನಿಜವಾಯಿತು, ಎರಡು ಸಲವೂ ನನ್ನ ಕೈ ಸುಟ್ಟಿತು. ಮೂರನೆಯ ಸಲ ಎರಡು ಪುಸ್ತಕಗಳೂ ಮಾರಾಟವಾಗಿ ಮರುಮುದ್ರಣ ಕಂಡಿರುವುದರಿಂದ, ಇದೇ ಕೆಲಸಕ್ಕೆ ಕೈ ಹಾಕಬಯಸುವವರಿಗಾಗಿ ನಡೆದದ್ದನ್ನು ಬರೆದಿಡುತ್ತಿದ್ದೇನೆ. ಮುಂದೆ ಬರುವ ಫಾರಂ ಎಂದರೆ ಒಂದು ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು, ಕರಡು ಎಂದರೆ ತಪ್ಪು ತಿದ್ದಲು ತೆಗೆಯುವ ಪ್ರತಿ.

ಮೊದಲ ಪ್ರಯತ್ನ ಹನ್ನೆರಡು, ಹದಿಮೂರು ವರ್ಷಗಳ ಹಿಂದಿನದು. 1807ರಲ್ಲಿ ಚಾರ್ಲ್ಸ್ ಲ್ಯಾಂಬ್ ಮತ್ತು ಅವನ ಅಕ್ಕ ಮೇರಿ ಲ್ಯಾಂಬ್ ಇಪ್ಪತ್ತು ನಾಟಕಗಳನ್ನು ಮಕ್ಕಳ ಕಥೆಗಳಾಗಿ ಮಾಡಿದ ದಾರಿಯನ್ನೇ ನಾನೂ ಹಿಡಿದೆ. (ಆ ಇಪ್ಪತ್ತರಲ್ಲಿ ಹದಿನಾಲ್ಕು ಅಕ್ಕ ಬರೆದವು, ಶೀರ್ಷಿಕೆ ಪುಟದಲ್ಲಿ ಹೆಸರು ಮಾತ್ರ ತಮ್ಮನದು.) ಹನ್ನೆರಡು ಕಥೆಗಳು, ಮುಂದೆ ನಾಲ್ಕು ಪುಟಗಳ ಜೀವನಚರಿತ್ರೆ, ಸಾವಿರ ಪ್ರತಿ, ಖರ್ಚು ನಲವತ್ತೆರಡು ಸಾವಿರದ ಆಸುಪಾಸು. ಐದು ವರ್ಷಗಳಲ್ಲಿ ಕೈಬಿಟ್ಟು ಹೋದದ್ದು ಮುನ್ನೂರು ಚಿಲ್ಲರೆ ಪ್ರತಿಗಳು, ಅವುಗಳಲ್ಲಿ ಮದುವೆ ಮುಂಜಿಗಳಿಗೆ ನಾನೇ ಉಡುಗೊರೆ ಕೊಟ್ಟವೂ ಸೇರಿವೆ. ಮಾತನ್ನೂ ರಂಗವನ್ನೂ ತೆಗೆದುಹಾಕಿದರೆ ಉಳಿಯುವುದು ಯಾವುದೋ ರಾಜನ ಕಥೆ, ಅಂಥ ಕಥೆಗಳಿಗೆ ನಮ್ಮ ಮಕ್ಕಳಿಗೆ ಬರವಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ ಆ ನಾಲ್ಕು ಪುಟಗಳು. ಷೇಕ್ಸ್‌ಪಿಯರ್ ಏಪ್ರಿಲ್ 23ರಂದು ಹುಟ್ಟಿದ, ತನ್ನೂರಾದ ಸ್ಟ್ರಾಟ್‌ಫರ್ಡ್ ಶಾಲೆಯಲ್ಲಿ ಬುದ್ಧಿವಂತ ವಿದ್ಯಾರ್ಥಿಯೆನಿಸಿದ, ಜಿಂಕೆ ಕದ್ದು ಸಿಕ್ಕಿಬಿದ್ದು ಲಂಡನ್ನಿಗೆ ಓಡಿಹೋದ ಎಂದೆಲ್ಲ ಕಣ್ಣಿಂದ ಕಂಡವನಂತೆ ಬರೆದಿದ್ದೆ. ಬೇಸಿಗೆ ಶಿಬಿರವೊಂದರಲ್ಲಿ ಇದನ್ನು ಓದಿ ಹೇಳುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಅವನು ಜಿಂಕೆ ಕದ್ದಿದ್ದನ್ನು ಯಾರು ನೋಡಿದ್ದು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯ ಬೆಲೆ ನನಗೆ ತಿಳಿದದ್ದು ಇನ್ನೊಂದು ನಷ್ಟ ಆದ ಮೇಲೆ. ಎರಡನೆಯ ಸಲ, ಪುಟದ ಮೇಲರ್ಧದಲ್ಲಿ ಮಕ್ಕಳಿಗೆ ಸರಳ ಬರಹ, ಕೆಳಗೆ ಸಣ್ಣ ಅಕ್ಷರದಲ್ಲಿ ವಿದ್ವಾಂಸರಿಗೆ ಟಿಪ್ಪಣಿ ಎಂಬ ಯೋಜನೆ ಹಾಕಿ, ಸೊಸೈಟಿಯಲ್ಲಿ ಸಾಲ ಮಾಡಿ, ಸುಮಾರು 260 ಪುಟಗಳ ಪುಸ್ತಕವನ್ನು ಐನೂರು ಪ್ರತಿ ಹಾಕಿಸಿದೆ. ಒಂದು ಲಕ್ಷ ದಾಟಿತು. ಅಂಗಡಿಯವರಿಗೆ ಅದನ್ನು ಯಾವ ಕಪಾಟಿನಲ್ಲಿಡಬೇಕೆಂಬುದೇ ತಿಳಿಯಲಿಲ್ಲ. ತಂದೆತಾಯಿಗಳು ಟಿಪ್ಪಣಿ ನೋಡಿ ಕೆಳಗಿಟ್ಟರು, ಅಧ್ಯಾಪಕರು ಚಿತ್ರ ನೋಡಿ ಕೆಳಗಿಟ್ಟರು. ಸಾಲದ್ದಕ್ಕೆ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿದ್ದ ಕಡತವನ್ನು ಯೂನಿಕೋಡಿಗೆ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ) ಬದಲಾಯಿಸುವಾಗ ನಾಯಕನ ಹೆಸರಿನಲ್ಲೇ ಪ-ಒತ್ತು ಸಕಾರಕ್ಕೆ ಅಂಟಿಕೊಂಡು, ಮೂವತ್ತೆಂಟು ಪುಟಗಳಲ್ಲಿ ಅವನು ಗುರುತು ಸಿಗದಂತಾಗಿದ್ದ. ಮಾರಾಟವಾದದ್ದು ತೊಂಬತ್ತು ಪ್ರತಿ. ಕೊನೆಯ ಕರಡನ್ನು ಕಾಗದದ ಮೇಲೆಯೇ ತೆಗೆಸಬೇಕು, ಪರದೆಯ ಮೇಲೆ ನೋಡಿ ಒಪ್ಪಬಾರದು ಎಂಬುದನ್ನು ನಾನು ಕಲಿತದ್ದು ಹೀಗೆ.

ಮೊದಲ ಪುಸ್ತಕಕ್ಕೆ ಹೆಚ್ಚಾಗಿ ಹಾಕಿಸಿದ್ದ ಹೊದಿಕೆಗಳು ಅಟ್ಟದ ಮೇಲೆ ಕಟ್ಟುಗಟ್ಟಲೆ ಉಳಿದಿದ್ದವು. ಅವುಗಳ ಬಿಳಿಯ ಬೆನ್ನು ಬಳಕೆಗೆ ಬರುತ್ತದೆಂದು ಪ್ರೆಸ್ಸಿನ ಕಟಿಂಗ್ ಯಂತ್ರದಲ್ಲಿ ಅಂಗೈಯಗಲ ಕತ್ತರಿಸಿಕೊಂಡು ಬಂದು ಚೀಟಿ ಬರೆಯಲು ಕುಳಿತೆ. ಒಂದು ಚೀಟಿಗೆ ಒಂದೇ ಸಂಗತಿ. ಅವನ ಕಾಲದ ಕಾಗದಪತ್ರದಲ್ಲಿ ಇದ್ದುದನ್ನು ಕಪ್ಪು ಶಾಯಿಯಲ್ಲಿ, ಆ ಪತ್ರಗಳಿಂದ ವಿದ್ವಾಂಸರು ಊಹಿಸಿದ್ದನ್ನು ಪೆನ್ಸಿಲಿನಲ್ಲಿ, ತಡವಾಗಿ ಹುಟ್ಟಿದ ದಂತಕಥೆಯನ್ನು ಕೆಂಪಿನಲ್ಲಿ ಬರೆದೆ. 1564ರ ಏಪ್ರಿಲ್ 26ರಂದು ಸ್ಟ್ರಾಟ್‌ಫರ್ಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ನಾಮಕರಣವಾಯಿತು ಎಂಬುದು ಕಪ್ಪು. ಆದ್ದರಿಂದ 23ರಂದು ಹುಟ್ಟಿರಬೇಕು ಎಂಬುದು ಪೆನ್ಸಿಲು. ಆ ಊರಿನ ಶಾಲೆಯ ಅಂದಿನ ವಿದ್ಯಾರ್ಥಿಗಳ ಪಟ್ಟಿ ಉಳಿದಿಲ್ಲವಾದ್ದರಿಂದ ಅವನು ಅಲ್ಲಿ ಓದಿದನೆಂಬುದೂ ಪೆನ್ಸಿಲು. ಅವನ ಜೀವನಚರಿತ್ರೆ ಬರೆದ ನಿಕೊಲಸ್ ರೋ 1709ರಲ್ಲಿ, ಅಂದರೆ ಕವಿ ತೀರಿಕೊಂಡ ತೊಂಬತ್ತಮೂರು ವರ್ಷಗಳ ಮೇಲೆ, ಅಚ್ಚು ಮಾಡಿಸಿದ ಜಿಂಕೆಯ ಕಥೆ ಕೆಂಪು. ಒಟ್ಟು ನೂರನಲವತ್ತು ಕಪ್ಪು, ತೊಂಬತ್ತು ಪೆನ್ಸಿಲು, ಮೂವತ್ತೈದು ಕೆಂಪು ಚೀಟಿಗಳಾದವು ಎಂದು ನೆನಪು. ಎಣಿಸಿ ಮುಗಿದಾಗ ನನ್ನ ಹಳೆಯ ನಾಲ್ಕು ಪುಟಗಳಲ್ಲಿ ಕಪ್ಪು ಶಾಯಿಗೆ ಅರ್ಹವಾದ ವಾಕ್ಯಗಳು ಆರೋ ಏಳೋ ಇದ್ದವು.

ಮಿತ್ರರೆಲ್ಲರೂ, ಮೊದಲು ವಿದ್ವಾಂಸರ ಪುಸ್ತಕವನ್ನು ಬರೆದು ಆಮೇಲೆ ಅದನ್ನು ಮಕ್ಕಳಿಗೆ ಇಳಿಸಬೇಕು ಎಂದು ಸಲಹೆ ಕೊಟ್ಟರು. ನಾನು ತಿರುವುಮುರುವು ಮಾಡಿದೆ. ಮಕ್ಕಳ ಪುಸ್ತಕವನ್ನು ಮೊದಲು ಬರೆದು, ಎರಡು ತಿಂಗಳ ಶನಿವಾರಗಳಲ್ಲಿ ಸುಮಾರು ನಲವತ್ತು ಮಕ್ಕಳೆದುರು ಓದಿ, ಅವರು ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದುಕೊಂಡೆ. ಇನ್ನೂರರಷ್ಟಾದ ಆ ಪ್ರಶ್ನೆಗಳೇ ವಿದ್ವಾಂಸರ ಪುಸ್ತಕದ ಅಧ್ಯಾಯಗಳಿಗೆ ಬುಡವಾದವು. ಉಯಿಲಿನಲ್ಲಿ ಹೆಂಡತಿಗೆ ಎರಡನೆಯ ದರ್ಜೆಯ ಮಂಚವನ್ನು ಬಿಟ್ಟಿದ್ದಾನೆಂದು ಓದಿದೊಡನೆ ಒಬ್ಬ ಹುಡುಗ, "ಹಾಗಾದರೆ ಒಳ್ಳೆಯ ಮಂಚ ಯಾರಿಗೆ ಹೋಯಿತು?" ಎಂದ. 1616ರ ಆ ಉಯಿಲಿನಲ್ಲಿ ಮಂಚದ ಮಾತು ಸಾಲುಗಳ ನಡುವೆ ಆಮೇಲೆ ತುರುಕಿದ ಮಾತು (ಇದು ಕಪ್ಪು). ಒಳ್ಳೆಯ ಮಂಚ ಅತಿಥಿಗಳಿಗೆ ಮೀಸಲಾಗಿದ್ದು, ಎರಡನೆಯದೇ ದಂಪತಿಗಳದಾಗಿರಬಹುದು (ಇದು ಪೆನ್ಸಿಲು). ಮಕ್ಕಳ ಪುಸ್ತಕದಲ್ಲಿ ಇದು ಆರು ಸಾಲು, ದೊಡ್ಡವರದರಲ್ಲಿ ಹನ್ನೊಂದು ಪುಟ. ಎರಡರಲ್ಲೂ ಪ್ರಕರಣದ ಸಂಖ್ಯೆ ಒಂದೇ. ಮನೆಯಲ್ಲಿ ಮಗು 27ನೆಯ ಪ್ರಕರಣ ಓದಿ ಪ್ರಶ್ನೆ ಕೇಳಿದರೆ ಅಪ್ಪನೋ ಟೀಚರೋ ಇನ್ನೊಂದು ಪುಸ್ತಕದ 27ಕ್ಕೆ ಹೋಗಬಹುದು. ಯಾವ ಪ್ರಶ್ನೆ ಮಕ್ಕಳ ಪುಸ್ತಕದಲ್ಲೇ ಉತ್ತರ ಪಡೆಯಬೇಕು, ಯಾವುದನ್ನು ಅಲ್ಲಿ ತೆರೆದೇ ಬಿಡಬೇಕು ಎಂಬುದನ್ನು ನಿರ್ಧರಿಸಲು ನನ್ನದೊಂದು ಲೆಕ್ಕಾಚಾರವಿದೆ. ಮುಂದಿನ ಪುಸ್ತಕಕ್ಕೂ ಅದು ಬೇಕಾಗಿರುವುದರಿಂದ ಸದ್ಯಕ್ಕೆ ನನ್ನಲ್ಲೇ ಇರಲಿ.

ದಾಖಲೆಯೆಂದರೆ ಮಕ್ಕಳಿಗೆ ಬೇಸರ ಎಂಬ ಮಾತನ್ನು ನಾನು ಇನ್ನು ಒಪ್ಪುವುದಿಲ್ಲ. ಕೈಗವಸು ಹೊಲಿಯುತ್ತಿದ್ದ, ಷೇಕ್ಸ್‌ಪಿಯರ್‌ನ ಅಪ್ಪ ಜಾನ್, 1552ರಲ್ಲಿ ಹೆನ್ಲಿ ಬೀದಿಯಲ್ಲಿ ತಿಪ್ಪೆ ಹಾಕಿದ್ದಕ್ಕೆ ಒಂದು ಶಿಲ್ಲಿಂಗ್ ದಂಡ ತೆತ್ತ ದಾಖಲೆಯನ್ನು ಓದಿದಾಗ ತರಗತಿಯಲ್ಲಿ ಎದ್ದ ನಗು, ನನ್ನ ಹನ್ನೆರಡು ಕಥೆಗಳಲ್ಲಿ ಯಾವುದಕ್ಕೂ ಎದ್ದಿರಲಿಲ್ಲ. 1613ರ ಜೂನ್ 29ರಂದು ನಾಟಕದ ನಡುವೆ ಹಾರಿಸಿದ ಫಿರಂಗಿಯಿಂದ ಲಂಡನ್ನಿನಲ್ಲಿ ಷೇಕ್ಸ್‌ಪಿಯರ್‌ನ ತಂಡ ಆಡುತ್ತಿದ್ದ ಗ್ಲೋಬ್ ರಂಗಮಂದಿರದ ಹುಲ್ಲಿನ ಸೂರಿಗೆ ಬೆಂಕಿ ಹತ್ತಿ, ಒಬ್ಬನ ಚಡ್ಡಿ ಉರಿಯತೊಡಗಿದಾಗ ಅವನು ಬಾಟಲಿಯಲ್ಲಿದ್ದ ಏಲ್ ಎಂಬ ಮದ್ಯವನ್ನು ಸುರಿದು ಆರಿಸಿಕೊಂಡ ಸಂಗತಿಯನ್ನು ರಾಜತಂತ್ರಜ್ಞ ಹೆನ್ರಿ ವಾಟನ್ ಆ ದಿನಗಳಲ್ಲೇ ಕಾಗದದಲ್ಲಿ ಬರೆದಿದ್ದಾನೆ. ಮಕ್ಕಳ ಪುಸ್ತಕದಲ್ಲಿ ಮದ್ಯದ ಮಾತೇಕೆ ಎಂದು ಆಕ್ಷೇಪಿಸಿದವರೂ ಉಂಟು, ನಾನು ತೆಗೆಯಲಿಲ್ಲ.

ಹಣದ ಪ್ರಶ್ನೆ ಹೆಚ್ಚು ಕಾಡಿತು. 1597ರಲ್ಲಿ ಷೇಕ್ಸ್‌ಪಿಯರ್ ನ್ಯೂ ಪ್ಲೇಸ್ ಎಂಬ ದೊಡ್ಡ ಮನೆಯನ್ನು ಕೊಂಡಾಗ ಪತ್ರದಲ್ಲಿ ನಮೂದಾದ ಬೆಲೆ 60 ಪೌಂಡ್. ಅದು ಇಂದಿನ ಎಷ್ಟು ರೂಪಾಯಿ ಎಂದು ಪ್ರತಿ ತರಗತಿಯಲ್ಲೂ ಕೇಳುತ್ತಿದ್ದರು. ಒಂದು ರಾತ್ರಿಯಿಡೀ ಬಡ್ಡಿ, ಬೆಲೆಯೇರಿಕೆ ಎಂದು ಗುಣಿಸಿ, ಬಂದ ಮೂರು ಉತ್ತರಗಳೂ ಮೂರು ದಿಕ್ಕಿಗಿದ್ದುದರಿಂದ ಕೈಬಿಟ್ಟೆ. ಕೊನೆಗೆ ಅಳತೆಗೋಲನ್ನು ರಂಗಮಂದಿರದಿಂದಲೇ ತೆಗೆದುಕೊಂಡೆ. ಗ್ಲೋಬಿನ ಅಂಗಳದಲ್ಲಿ ನಿಂತು ನಾಟಕ ನೋಡಲು ಒಂದು ಪೆನ್ನಿ, ಪೌಂಡಿಗೆ 240 ಪೆನ್ನಿ, ಶಿಲ್ಲಿಂಗಿಗೆ 12. ಹಾಗಾದರೆ ಮನೆಯ ಬೆಲೆ 14,400 ಸಲ ನಾಟಕ ನೋಡುವ ಹಣ. ಆರು ಪೆನ್ನಿಯ ಬಿಡಿ ನಾಟಕದ ಪುಸ್ತಿಕೆಗೆ ಆರು ನಾಟಕ. ಅವನ ನಾಟಕಗಳ ದೊಡ್ಡ ಸಂಪುಟವಾದ 1623ರ ಫೋಲಿಯೊ ರಟ್ಟು ಕಟ್ಟದೆಯೇ ಸುಮಾರು 15 ಶಿಲ್ಲಿಂಗ್ ಎಂದರೆ 180 ನಾಟಕ. ಈ ಕೋಷ್ಟಕವನ್ನು ಮಕ್ಕಳಿಗಿಂತ ಹೆಚ್ಚಾಗಿ ಅಧ್ಯಾಪಕರು ಎತ್ತಿಕೊಂಡು ಬಳಸುತ್ತಿದ್ದಾರೆ.

ಫೋಲಿಯೊ, ಕ್ವಾರ್ಟೊ ಎಂಬ ಮಾತುಗಳನ್ನು ವಿವರಿಸಲು ಎರಡನೆಯ ಪುಸ್ತಕದಲ್ಲಿ ಐದು ಪುಟ ಬರೆದು ಸೋತಿದ್ದೆ. ಈ ಸಲ ಹಾಳೆಯನ್ನೇ ಕೊಟ್ಟೆ. ಒಮ್ಮೆ ಮಡಿಸಿದರೆ ನಾಲ್ಕು ಪುಟ (ಫೋಲಿಯೊ), ಎರಡು ಸಲ ಮಡಿಸಿದರೆ ಎಂಟು (ಕ್ವಾರ್ಟೊ). ಫೋಲಿಯೊದಲ್ಲಿ ಒಮ್ಮೆ ಮಡಿಸಿದ ಮೂರು ಹಾಳೆಗಳನ್ನು ಒಂದರೊಳಗೊಂದು ಇಟ್ಟು ಹನ್ನೆರಡು ಪುಟದ ಕಟ್ಟು ಮಾಡುತ್ತಿದ್ದರು. ಅಚ್ಚಿನ ಮೊಳೆ ಜೋಡಿಸುವವರು ಸಾಮಾನ್ಯವಾಗಿ ನಡುವಿನ 6 ಮತ್ತು 7ನೆಯ ಪುಟಗಳಿಂದ ಆರಂಭಿಸುತ್ತಿದ್ದರು. ಒಂದರಿಂದ ಐದರವರೆಗೆ ಎಷ್ಟು ಸಾಲು ಹಿಡಿಯುತ್ತದೆಂದು ಅವರು ಮೊದಲೇ ಅಂದಾಜು ಮಾಡಬೇಕಿತ್ತು, ಅಂದಾಜು ತಪ್ಪಿದರೆ ಪದ್ಯವನ್ನು ಗದ್ಯದಂತೆ ಒತ್ತೊತ್ತಾಗಿ ಸೇರಿಸಬೇಕಿತ್ತು. ಇದನ್ನು ನಮ್ಮ ಪ್ರೆಸ್ಸಿನ ಯಜಮಾನರಿಗೆ ಹೇಳಿದಾಗ ಅವರು ನಕ್ಕು, "ಮೇಷ್ಟ್ರೇ, ನೀವು ಹದಿನಾರರ ಫಾರಮ್ಮಿಗೆ ಹದಿನೇಳು ಪುಟ ತಂದಾಗ ನಾವು ಮಾಡೋದೂ ಅದೇ ಅಲ್ವಾ?" ಎಂದರು. ಅವರ ಮಾತು ವಿದ್ವಾಂಸರ ಪುಸ್ತಕದ ಒಂದು ಅಡಿಟಿಪ್ಪಣಿಯಲ್ಲಿದೆ.

ನಡುವೆ ಕೆಲವು ಉಪಪ್ರಯೋಗಗಳಿಗೂ ಕಾಲ ಹೋಯಿತು. ಅವನ ಕೈಬರಹದ ಆರು ಸಹಿಗಳು ಉಳಿದಿವೆ, ಅವುಗಳಲ್ಲಿ ಒಂದೂ ಇಂದು ಇಂಗ್ಲಿಷಿನಲ್ಲಿ ರೂಢಿಯಲ್ಲಿರುವ ಕಾಗುಣಿತದಲ್ಲಿಲ್ಲ. 'ಶೇ'ಯೋ 'ಷೇ'ಯೋ ಎಂದು ನನ್ನೊಡನೆ ಜಗಳಕ್ಕೆ ಬರುವವರಿಗೆ ಈ ಆರನ್ನು ತೋರಿಸಿ ಸುಮ್ಮನಾಗಿಸಿದ್ದೇನೆ. ಆ ಸಹಿಗಳನ್ನು ಮಕ್ಕಳಿಂದ ಗರಿಯ ಲೇಖನಿಯಲ್ಲಿ ಬರೆಸಬೇಕೆನಿಸಿ ಅಂದಿನ ಶಾಯಿಯನ್ನು ಹುಡುಕಹೊರಟೆ. ಅದಕ್ಕೆ ಬೇಕಾದ ಓಕ್ ಮರದ ಗಂಟುಕಾಯಿ ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಬಾಣಂತಿಯರಿಗೆಂದು ಮಾರುವ ಮಾಚಿಕಾಯಿಯೇ ಎಂದು ತಿಳಿದಾಗ ನನಗಾದ ಸಂತೋಷ ಸಣ್ಣದಲ್ಲ. ಕುಟ್ಟಿ ನೆನೆಹಾಕಿ, ಅನ್ನಭೇದಿ (ಕಬ್ಬಿಣದ ಲವಣ) ಬೆರೆಸಿ, ಜಾಲಿಯ ಅಂಟು ಸೇರಿಸಿದೆ. ಮೊದಲ ಪಾಕಕ್ಕೆ ಬೂಸು ಬಂತು, ಎರಡನೆಯದು ಕಾಗದವನ್ನೇ ತಿಂದಿತು, ಮೂರನೆಯದು ಬರೆಯುವಾಗ ಮಸುಕಾಗಿದ್ದು ಮರುದಿನಕ್ಕೆ ಕಡುಗಪ್ಪಾಯಿತು. ಅಳತೆಯನ್ನು ಹೇಳುವುದಿಲ್ಲ, ಶಿಬಿರಗಳಲ್ಲಿ ಆ ಶಾಯಿಯ ಸಣ್ಣ ಸೀಸೆಯೂ ಮೂವತ್ತು ರೂಪಾಯಿಗೆ ಮಾರಾಟವಾಗುತ್ತಿದೆ.

ಇನ್ನೊಂದು ಪ್ರಯೋಗ ನನ್ನ ಹೆಮ್ಮೆಯನ್ನು ಸ್ವಲ್ಪ ಇಳಿಸಿತು. ಹ್ಯಾಮ್ಲೆಟ್ 1603ರಲ್ಲಿ ಮೊದಲು ಅಚ್ಚಾದಾಗ ಸುಮಾರು 2,200 ಸಾಲುಗಳಿದ್ದವು. ಮರುವರ್ಷದ ಪಾಠದಲ್ಲಿ, ಅಂದರೆ ಅದೇ ನಾಟಕದ ಇನ್ನೊಂದು ಅಚ್ಚಾದ ರೂಪದಲ್ಲಿ, 3,700ರ ಹತ್ತಿರ. ಮೊದಲನೆಯದನ್ನು ಕೆಟ್ಟ ಪಾಠವೆಂದು ನಾವು ತರಗತಿಯಲ್ಲಿ ಕಲಿಸುತ್ತ ಬಂದವರು. ಇರುವುದೋ ಇಲ್ಲವಾಗುವುದೋ ಎಂಬ ಪ್ರಸಿದ್ಧ ಸ್ವಗತ ಅದರಲ್ಲಿ 'ಹೌದು, ಇದೇ ವಿಷಯ' ಎಂಬ ಧಾಟಿಯಲ್ಲಿ ಥಟ್ಟನೆ ಮುಂದಕ್ಕೆ ಓಡುತ್ತದೆ. ಎರಡನ್ನೂ ಕನ್ನಡಕ್ಕೆ ತಂದು, ಯಾವುದು ಯಾವುದೆಂದು ಹೇಳದೆ ಓದಿದೆ. ಮುಕ್ಕಾಲು ಪಾಲು ಮಕ್ಕಳು ಕೆಟ್ಟ ಪಾಠವನ್ನೇ ಮೆಚ್ಚಿದರು. ಆಡಲು ಸುಲಭವೆಂದು ಅವರು ಕೊಟ್ಟ ಕಾರಣವನ್ನು, ಆ ಪಾಠ ರಂಗಕ್ಕೆ ಹತ್ತಿರವಾದದ್ದೆಂದು ವಾದಿಸುವ ವಿದ್ವಾಂಸರ ಮಾತಿನ ಪಕ್ಕದಲ್ಲೇ ಅಚ್ಚು ಹಾಕಿಸಿದ್ದೇನೆ.

ಚಿತ್ರಗಳಲ್ಲಿ ಮತ್ತೆ ದುಡ್ಡು ಕಳೆದೆ. ಚಿತ್ರಕ್ಕೆ ಆರುನೂರರಂತೆ ಇಪ್ಪತ್ತೆರಡು ರೇಖಾಚಿತ್ರಗಳನ್ನು ಮಾಡಿಸಿದೆ. ಕಲಾವಿದರು ಗ್ಲೋಬಿಗೆ ಪೂರ್ತಿ ಚಾವಣಿ ಹಾಕಿದ್ದರು, ಅಂಗಳದ ಮೇಲೆ ಆಕಾಶ ಕಾಣಬೇಕಿತ್ತು. ಜೂಲಿಯೆಟ್ಟಳ ವೇಷದಲ್ಲಿ ಹುಡುಗನ ಬದಲು ಹೆಣ್ಣನ್ನೇ ನಿಲ್ಲಿಸಿದ್ದರು (ಅಂದು ಹೆಣ್ಣು ಪಾತ್ರಗಳನ್ನು ಹುಡುಗರೇ ಆಡುತ್ತಿದ್ದರು). ತಪ್ಪು ನನ್ನದು, ಹೇಳಿಕೊಟ್ಟಿರಲಿಲ್ಲ. ಆರು ಚಿತ್ರಗಳನ್ನು ಮತ್ತೆ ಹಣ ಕೊಟ್ಟು ಬರೆಸಿದೆ.

ಮಕ್ಕಳ ಪುಸ್ತಕ ಕ್ರೌನ್ ಕಾಲು ಎಂಬ ದೊಡ್ಡ ಆಕಾರದಲ್ಲಿ 64 ಪುಟ, ಹೊದಿಕೆ ಮತ್ತು ಒಂದು ಫಾರಂ ಮಾತ್ರ ಬಣ್ಣದಲ್ಲಿ. ಸಾವಿರದ ಐನೂರು ಪ್ರತಿಗೆ ತೊಂಬತ್ತೈದು ಸಾವಿರ ಬಿತ್ತು. ಬೆಲೆ 120 ರೂಪಾಯಿ, ಅಂಗಡಿಗಳಿಗೆ ನೂರಕ್ಕೆ ನಲವತ್ತು ಬಿಟ್ಟ ಮೇಲೆ ಕೈಗೆ ಬರುವುದು 72. ಸಾಗಣೆಯನ್ನು ಕಳೆದರೆ ಲಾಭವೆಂಬುದು ಕಾಫಿ ಖರ್ಚು. ದೊಡ್ಡವರ ಪುಸ್ತಕ ಡೆಮಿ ಎಂಬ ಸಾಮಾನ್ಯ ಪುಸ್ತಕದ ಆಕಾರದಲ್ಲಿ 208 ಪುಟ, ಡಿಜಿಟಲ್ ಮುದ್ರಣದಲ್ಲಿ ಮುನ್ನೂರೇ ಪ್ರತಿ, ಪ್ರತಿಯೊಂದಕ್ಕೆ 118ರಂತೆ. ಬೆಲೆ 280, ಹೆಚ್ಚಿನವು ನೇರವಾಗಿ ಹೋದದ್ದರಿಂದ 220ಕ್ಕಿಂತ ಮೇಲೆ ಕೈಗೆ ಬಂತು. ಮಕ್ಕಳ ಪುಸ್ತಕವೇ ವಿದ್ವಾಂಸರ ಪುಸ್ತಕವನ್ನು ಹೊರಬೇಕಾಗುತ್ತದೆಂದು ನಾನೂ ನಂಬಿದ್ದೆ, ಆದರೆ ಹೊತ್ತದ್ದು ವಿದ್ವಾಂಸರ ಪುಸ್ತಕ. ಶ್ರೀಕಂಠೇಶಗೌಡರ 'ಪ್ರತಾಪರುದ್ರದೇವ', ಬಸಪ್ಪಶಾಸ್ತ್ರಿಗಳ 'ಶೂರಸೇನ ಚರಿತೆ', ಕುವೆಂಪು ಅವರ 'ರಕ್ತಾಕ್ಷಿ'ಗಳ ಮೂಲಕ ಮ್ಯಾಕ್‌ಬೆತ್, ಒಥೆಲೊ, ಹ್ಯಾಮ್ಲೆಟ್‌ಗಳನ್ನು ತಲೆಮಾರುಗಳಿಂದ ಬಲ್ಲ ಓದುಗರಿಗೆ, ಆ ನಾಟಕಕಾರನ ಕಾಗದಪತ್ರಗಳು ಏನು ಹೇಳುತ್ತವೆ ಎಂಬ ಕುತೂಹಲ ನಾನೆಣಿಸಿದ್ದಕ್ಕಿಂತ ಹೆಚ್ಚಾಗಿತ್ತು. ಹದಿನಾಲ್ಕು ತಿಂಗಳಲ್ಲಿ ಎರಡೂ ಮುಗಿದು ಮರುಮುದ್ರಣವಾದವು. ದೋಣಿಯ ಮಾತನಾಡಿದ ಮಿತ್ರರು ಮೊಮ್ಮಗಳಿಗೆಂದು ಒಂದನ್ನು, ತಮಗೆಂದು ಇನ್ನೊಂದನ್ನು ತರಿಸಿಕೊಂಡರು; ರಿಯಾಯಿತಿ ಕೇಳಿದರು, ಕೊಡಲಿಲ್ಲ.

ಅಟ್ಟದ ಮೇಲೆ ಹಳೆಯ ಹೊದಿಕೆಗಳ ಎರಡು ಕಟ್ಟು ಇನ್ನೂ ಇವೆ. ಕಳೆದ ತಿಂಗಳಿಂದ ಅವುಗಳ ಬೆನ್ನ ಮೇಲೆ ಷೇಕ್ಸ್‌ಪಿಯರ್‌ನ ಕಾಲದ ಇನ್ನೊಬ್ಬ ನಾಟಕಕಾರ ಬೆನ್ ಜಾನ್ಸನ್ ಏರತೊಡಗಿದ್ದಾನೆ. 1598ರಲ್ಲಿ ಗೇಬ್ರಿಯಲ್ ಸ್ಪೆನ್ಸರ್ ಎಂಬ ನಟನನ್ನು ಕತ್ತಿಕಾಳಗದಲ್ಲಿ ಕೊಂದು, ಲ್ಯಾಟಿನ್ ಓದಬಲ್ಲೆನೆಂದು ತೋರಿಸಿ, ಅಂಥವರಿಗೆ ಅಂದಿನ ಕಾನೂನಿನಲ್ಲಿದ್ದ ವಿನಾಯಿತಿಯಿಂದ ಗಲ್ಲಿನಿಂದ ಪಾರಾಗಿ, ಹೆಬ್ಬೆರಳಿಗೆ ಬರೆ ಹಾಕಿಸಿಕೊಂಡವನು. ಆ ಚೀಟಿ ಕಪ್ಪು ಶಾಯಿಯಲ್ಲಿದೆ. ಶನಿವಾರದ ಮಕ್ಕಳು ಅದನ್ನಾಗಲೇ ಮೂರು ಸಲ ಓದಿಸಿಕೊಂಡಿದ್ದಾರೆ.