ನಡುವಿನ ಬಿಳಿ ಪಟ್ಟಿ ತಪ್ಪದಂತೆ ಹಂಗೇರಿಯ ಫಾಂಕ್ ಮಾಡುವ ಬಗೆ

ಹಂಗೇರಿಯಲ್ಲಿ ಜನವರಿ 6ರಿಂದ ಬೂದಿ ಬುಧವಾರದವರೆಗಿನ ಹಬ್ಬದ ಕಾಲವನ್ನು ಫಾರ್ಶಾಂಗ್ ಎನ್ನುತ್ತಾರೆ. ಅದರ ಕೊನೆಯ ದಿನಗಳಲ್ಲಿ ಡ್ಯಾನ್ಯೂಬ್ ದಡದ ಮೋಹಾಚ್ ಪಟ್ಟಣದಲ್ಲಿ, ವಿಲೋ ಮರದ ಕೊಂಬಿನ ಮುಖವಾಡ ಹಾಕಿ ಕುರಿಚರ್ಮದ ಅಂಗಿಯನ್ನು ಒಳಹೊರಗು ಮಾಡಿ ತೊಟ್ಟ ಬುಶೋ ಎಂಬ ವೇಷಧಾರಿಗಳು ಗಿರಗಟ್ಟೆ ತಿರುಗಿಸುತ್ತ, ಗಂಟೆ ಬಾರಿಸುತ್ತ ಚಳಿಗಾಲವನ್ನು ಅಟ್ಟುತ್ತಾರೆ. ಈ ಆಚರಣೆಯನ್ನು 2009ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಮೋಹಾ ಎಂಬ ಹಳ್ಳಿಯಲ್ಲಿ ವೇಷಧಾರಿಗಳು ಮನೆಮನೆಗೆ ಹೋಗಿ, ಹೆಚ್ಚು ಮೊಟ್ಟೆಯಿಡಲಿ ಎಂದು ಕೋಳಿಗಳನ್ನು ಕೋಲಿನಿಂದ ತಟ್ಟಿ, ಮನೆಯವರಿಂದ ಮೊಟ್ಟೆ ಪಡೆಯುತ್ತಾರೆ. ಬೂದಿ ಬುಧವಾರಕ್ಕೆ ಈಸ್ಟರ್ ಮುಂಚಿನ ಉಪವಾಸ ಆರಂಭವಾಗುವುದರಿಂದ, ಅದಕ್ಕೆ ಮೊದಲು ಮೊಟ್ಟೆ, ಬೆಣ್ಣೆ, ಕೊಬ್ಬುಗಳನ್ನು ಧಾರಾಳವಾಗಿ ಬಳಸಿ ಕರಿಯುವ ತಿಂಡಿಯೇ ಫಾಂಕ್.

ಸರಿಯಾಗಿ ಬೆಂದ ಫಾಂಕಿನ ಮೇಲೂ ಕೆಳಗೂ ಕೆಂಪಗಿದ್ದು, ನಡುವೆ ಸುತ್ತಲೂ ಬಿಳಿಯ ಪಟ್ಟಿ ಇರುತ್ತದೆ. ನಮ್ಮಲ್ಲಿ ಇದನ್ನು ಮಾಡಲು ಹೊರಟವರಲ್ಲಿ ಹೆಚ್ಚಿನವರು ಈ ಪಟ್ಟಿಯನ್ನೇ ಕಳೆದುಕೊಳ್ಳುವುದನ್ನು ನೋಡಿದ್ದೇನೆ.

ಅರ್ಧ ಕಿಲೋ ಮೈದಾ, 7 ಗ್ರಾಂ ಒಣ ಯೀಸ್ಟ್, ನಾಲ್ಕು ಮೊಟ್ಟೆಯ ಹಳದಿ, 60 ಗ್ರಾಂ ಕರಗಿಸಿದ ಬೆಣ್ಣೆ, ಎರಡು ದೊಡ್ಡ ಚಮಚ ಸಕ್ಕರೆ, ಚಿಟಿಕೆ ಉಪ್ಪು, ಒಂದು ದೊಡ್ಡ ಚಮಚ ರಮ್, ಸುಮಾರು ಕಾಲು ಲೀಟರ್ ಉಗುರುಬೆಚ್ಚಗಿನ ಹಾಲು ಬೇಕು. ರಮ್ ಹಾಕಿದರೆ ಹಿಟ್ಟು ಎಣ್ಣೆ ಕುಡಿಯುವುದಿಲ್ಲ ಎಂಬುದು ಅಲ್ಲಿನವರ ನಂಬಿಕೆ. ಮನೆಯಲ್ಲಿ ರಮ್ ಬೇಡವೆನ್ನುವವರು ಒಂದು ಸಣ್ಣ ಚಮಚ ವಿನೆಗರ್ ಹಾಕಬಹುದು. ಅಂಗಡಿಯಲ್ಲಿ ಬಹುಕಾಲ ಬಿದ್ದಿದ್ದ ಯೀಸ್ಟನ್ನು ನಂಬಬೇಡಿ. ಬೆಚ್ಚಗಿನ ಹಾಲಿಗೆ ಹಾಕಿದ ಹತ್ತು ನಿಮಿಷದಲ್ಲಿ ನೊರೆ ಏಳದಿದ್ದರೆ ಅದನ್ನು ಚೆಲ್ಲಿಬಿಡಿ. ಯೀಸ್ಟಿನ ಬದಲು ಅಡುಗೆ ಸೋಡಾ ಹಾಕಿ ಅರ್ಧ ಗಂಟೆಯಲ್ಲಿ ಮುಗಿಸುವ ಉಪಾಯವನ್ನು ಹಲವರು ಹೇಳಿಕೊಡುತ್ತಾರೆ. ಅದರಿಂದ ಬರುವುದು ಬೇರೊಂದು ತಿಂಡಿ, ಫಾಂಕ್ ಅಲ್ಲ.

ಎಲ್ಲವನ್ನೂ ಕಲಸಿ, ಹಿಟ್ಟು ಪಾತ್ರೆಯ ಅಂಚು ಬಿಡುವವರೆಗೆ ಚೆನ್ನಾಗಿ ನಾದಿ, ಮುಚ್ಚಿಟ್ಟು ಎರಡರಷ್ಟಾಗಲು ಬಿಡಿ. ಹಿಟ್ಟು ಚಪಾತಿ ಕಣಕಕ್ಕಿಂತ ಮೆತ್ತಗಿರಬೇಕು. ಕೈಗೆ ಅಂಟುತ್ತದೆಂದು ಮತ್ತೆ ಮತ್ತೆ ಮೈದಾ ಸುರಿದರೆ ಅದು ಗಟ್ಟಿಯಾಗಿ, ಎಣ್ಣೆಯಲ್ಲಿ ಹಗುರವಾಗಿ ತೇಲುವುದಿಲ್ಲ. ನಂತರ ಎರಡು ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಅಗಲ ಬಾಯಿಯ ಲೋಟದಿಂದ ನೇರವಾಗಿ ಒತ್ತಿ ಬಿಲ್ಲೆಗಳನ್ನು ಕತ್ತರಿಸಿರಿ. ಲೋಟವನ್ನು ತಿರುಚಿದರೆ ಅಂಚು ಮುಚ್ಚಿಕೊಂಡು ಬಿಲ್ಲೆ ಒಂದೇ ಕಡೆಗೆ ವಾಲಿ ಉಬ್ಬುತ್ತದೆ. ಹಿಟ್ಟು ಉದುರಿಸಿದ ಬಟ್ಟೆಯ ಮೇಲೆ ಇನ್ನೊಂದು ಅರ್ಧ ಗಂಟೆ ಬಿಡಿ. ಈ ಎರಡನೆಯ ಕಾಯುವಿಕೆಯನ್ನು ಬಿಟ್ಟವರಿಗೆ ಪಟ್ಟಿ ಸಿಗುವುದೇ ಇಲ್ಲ.

ಕರಿಯುವುದೇ ಕಷ್ಟದ ಹಂತ. ಬಿಳಿ ಪಟ್ಟಿಯೆಂದರೆ ಎಣ್ಣೆ ಮುಟ್ಟದೆ ಉಳಿದ ಭಾಗ: ಚೆನ್ನಾಗಿ ಹುದುಗಿದ ಬಿಲ್ಲೆ ಅರ್ಧಕ್ಕಿಂತ ಕಡಿಮೆ ಮುಳುಗಿ ತೇಲುತ್ತದೆ, ಮಗುಚಿದ ಮೇಲೂ ಹಾಗೆಯೇ ತೇಲುವುದರಿಂದ ನಡುವಿನ ಸುತ್ತು ಎರಡು ಸಲವೂ ಎಣ್ಣೆಯ ಹೊರಗೇ ಇರುತ್ತದೆ. ಆದ್ದರಿಂದ ಎಣ್ಣೆ ಬಿಲ್ಲೆಗಳು ತಳ ಮುಟ್ಟದಷ್ಟು ಆಳವಾಗಿರಬೇಕು. ಶಾಖ 165ರಿಂದ 170 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಥರ್ಮಾಮೀಟರ್ ಇಲ್ಲದವರು ಹಿಟ್ಟಿನ ಚೂರೊಂದನ್ನು ಹಾಕಿ, ಅದು ಕೂಡಲೇ ಮೇಲೆದ್ದು ಸಣ್ಣ ಗುಳ್ಳೆ ಬಿಡುತ್ತದೆಯೇ, ಕಪ್ಪಾಗುವುದಿಲ್ಲವೇ ಎಂದು ನೋಡಬೇಕು. ಬಿಲ್ಲೆಯ ನಡುವೆ ಹೆಬ್ಬೆರಳಿನಿಂದ ಗುಳಿ ಒತ್ತಿ, ಗುಳಿಯ ಮುಖ ಕೆಳಗಾಗುವಂತೆ ಮೂರು ನಾಲ್ಕನ್ನು ಮಾತ್ರ ಬಿಟ್ಟು, ಬಾಣಲೆಗೆ ಮುಚ್ಚಳ ಹಾಕಿರಿ. ಒಳಗೆ ನಿಂತ ಹಬೆಯಲ್ಲಿ ಮೇಲಿನ ಅರ್ಧ ಒಣಗದೆ ಉಬ್ಬುತ್ತದೆ. ಒಂದೂವರೆ ಎರಡು ನಿಮಿಷದಲ್ಲಿ ಅಡಿ ಕೆಂಪಾದಾಗ ಮುಚ್ಚಳವನ್ನು ಸಮತಲವಾಗಿ ಎತ್ತಿ ಬೇಗನೆ ಪಕ್ಕಕ್ಕೆ ಸರಿಸಿ. ಓರೆ ಮಾಡಿದರೆ ಅದರ ನೀರಹನಿ ಎಣ್ಣೆಗೆ ಬಿದ್ದು ಸಿಡಿಯುತ್ತದೆ. ಒಮ್ಮೆ ಮಗುಚಿದ ಮೇಲೆ ಮುಚ್ಚಳ ಬೇಡ, ಇನ್ನೊಮ್ಮೆ ಮಗುಚುವುದೂ ಬೇಡ. ಪೂರಿಗೂ ಮಂಗಳೂರು ಬನ್ಸಿಗೂ ಸೌಟಿನಿಂದ ಒತ್ತಿ, ಎಣ್ಣೆ ಚಿಮುಕಿಸಿ ಉಬ್ಬಿಸುವ ನಮ್ಮ ಕೈಯ ರೂಢಿಯೇ ಇಲ್ಲಿ ಮುಳುವಾಗುತ್ತದೆ: ಒತ್ತಿದ ಕ್ಷಣವೇ ಪಟ್ಟಿ ಮುಳುಗಿ ಕೆಂಪಾಗುತ್ತದೆ.

ಜಾಲರಿಯ ಮೇಲೆ ಬಸಿದು ಸಕ್ಕರೆ ಪುಡಿ ಉದುರಿಸಿ, ಗುಳಿಯಲ್ಲಿ ಏಪ್ರಿಕಾಟ್ ಜಾಮ್ ಇಡಿ. ಬಾಟಲಿಯ ಮಿಕ್ಸೆಡ್ ಫ್ರೂಟ್ ಜಾಮ್ ಖಂಡಿತ ಬೇಡ, ಅದರಲ್ಲಿ ಸಿಹಿಯಲ್ಲದೆ ಹುಳಿಯೇ ಇರುವುದಿಲ್ಲ. ಒಣ ಏಪ್ರಿಕಾಟನ್ನು ರಾತ್ರಿ ನೆನೆಸಿ, ನಿಂಬೆರಸ ಮತ್ತು ಸ್ವಲ್ಪ ಸಕ್ಕರೆಯೊಂದಿಗೆ ಬೇಯಿಸಿ ರುಬ್ಬಿಕೊಂಡರೆ ಅದಕ್ಕಿಂತ ಎಷ್ಟೋ ಮೇಲು. ಫಾಂಕನ್ನು ಬಿಸಿಯಿರುವಾಗಲೇ ತಿನ್ನಬೇಕು, ಮಾರನೆಯ ದಿನಕ್ಕೆ ಅದು ರಬ್ಬರಾಗುತ್ತದೆ. ಉಳಿದ ನಾಲ್ಕು ಮೊಟ್ಟೆಯ ಬಿಳಿಯನ್ನು ಚೆಲ್ಲದೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಆಮ್ಲೆಟ್ ಮಾಡಿಕೊಳ್ಳಿ.